ಪಂಚನಾಮೆಯಲ್ಲಿ ‘ಕಸ’ವಾದ ಹನ್ನೊಂದು ವರ್ಷ

ಪ್ಲೇಗು ತೆರವಿನ ವಿಶೇಷಾಧಿಕಾರಿಗಳಾದ ಮಾನ್ಯರೇ,

ಕಳೆದ ಮಾಘದಲ್ಲಿ ತಮ್ಮ ಆಳುಗಳು ಬಡವನಹಳ್ಳಿಯ ನಮ್ಮ ಮನೆಯೊಳಗಿನ ನಲವತ್ತು ಗಾಜಿನ ಜಾಡಿಗಳನ್ನೂ ಒಂದು ಟ್ರಂಕು ಬರಹವನ್ನೂ ಅಂಗಳಕ್ಕೆ ತಂದು, ಸೀಮೆಎಣ್ಣೆ ಸುರಿದು ಸುಟ್ಟರು. ಪಂಚನಾಮೆಯಲ್ಲಿ ತಾವು ಬರೆಸಿದ್ದು ಒಂದೇ ಸಾಲು: “ಹುಳು ಹಿಡಿದ ಧಾನ್ಯ ಮತ್ತು ಕಸ.” ಆ ಕೊನೆಯ ಪದಕ್ಕೆ ನನ್ನ ತಕರಾರಿದೆ.

ನನ್ನ ಯಜಮಾನರು ಪರ್ವತಯ್ಯನವರು ಶಾಲಾ ಮೇಷ್ಟರು. ಜೋಳಕ್ಕೆ ಬೀಳುವ ಕುಟ್ಟೆಹುಳುವಿನ ಮರಿಯಲ್ಲಿ, ಕರುಳಿನ ಪಕ್ಕ, ಕಣ್ಣಿಗೆ ಕಾಣದಷ್ಟು ಸಣ್ಣ ಗಂಟೊಂದಿದೆ. ಅದರ ಜೀವಕೋಶಗಳ ಒಳಗೇ ಬ್ಯಾಕ್ಟೀರಿಯಾಗಳು ವಾಸಿಸುತ್ತವೆ. ತಾಯಿಹುಳುವಿನಿಂದ ಮೊಟ್ಟೆಗೆ ಹೋಗುತ್ತವೆ. ಹೊರಗೆ ತೆಗೆದರೆ ಸಾಯುತ್ತವೆ. ಇವುಗಳ ಹಿಂದಿನ ತಲೆಮಾರುಗಳು ಒಂದು ಕಾಲಕ್ಕೆ ಹೊರಗೆ ಸ್ವತಂತ್ರವಾಗಿ ಬದುಕಿದ್ದವಲ್ಲವೇ? ಒಳಸೇರಿದ ಮೇಲೆ ಏನೇನು ಕಳೆದುಕೊಂಡವು? ಹುಳುವಾದರೂ ಇವಿಲ್ಲದೆ ಬದುಕೀತೇ? ಇದು ಅವರ ಪ್ರಶ್ನೆ. ಶಿರಾದ ಜೋಳದ ಹುಳು, ಕೊರಟಗೆರೆಯ ಭತ್ತದ ಹುಳು, ಎರಡನ್ನೂ ಹನ್ನೊಂದು ವರ್ಷ ಸಾಕಿದರು. ಅರ್ಧ ಜಾಡಿಗಳನ್ನು ನನ್ನ ಬಚ್ಚಲೊಲೆಯ ಪಕ್ಕ ಬೆಚ್ಚಗಿಟ್ಟೆವು. ಆ ಶಾಖಕ್ಕೆ ಒಳಗಿನ ಬ್ಯಾಕ್ಟೀರಿಯಾಗಳು ಸತ್ತು ಹುಳು ಉಳಿಯುತ್ತಿತ್ತು. ಆದರೆ ಅದರ ಮರಿಗಳು ಬಡಕಲು, ಬಣ್ಣಗೆಟ್ಟವು. ಎಣಿಸಿದವಳು, ಚಿತ್ರ ಬರೆದವಳು ನಾನು. ಇದು ಕಸವೇ, ಸ್ವಾಮಿ?

ಪ್ಲೇಗನ್ನು ತಂದವರು ತಾವಲ್ಲ. ಇಲಿ ಬಿದ್ದ ಮೇಲೆ ಊರು ಬಿಡಿಸಿದ್ದೂ ಸರಿಯೇ. ಹೊಲದ ಗುಡಿಸಲಿಗೆ ಬಂದ ಮೂರನೆಯ ದಿನ ಇವರು ತಮ್ಮ ದಫೇದಾರನ ಬಳಿ ಹೋಗಿ ಬೇಡಿಕೊಂಡರು: “ಜಾಡಿಗಳ ಬಾಯಿಗೆ ತಂತಿಬಲೆ ಕಟ್ಟಿದೆ, ಇಲಿ ಮುಟ್ಟೋಲ್ಲ. ಎರಡು ದಿನ ಬಿಡಿ, ನಾನೇ ಹೊರಗೆ ಸಾಗಿಸ್ತೀನಿ.”

“ಜನ ಇಂಗೆ ಸಾಯ್ತಾವ್ರೆ, ನಿಮ್ಗೆ ಹುಳದ ಚಿಂತೆಯಾ ಮೇಷ್ಟ್ರೇ? ಸಾಹೇಬ್ರ ಹುಕುಂ ಆಗೋಗೈತೆ,” ಎಂದನಾತ.

ಊರ ಕಡೆ ಹೊಗೆ ಕಂಡಾಗ ಇವರು ಓಡಿದರು. ನೆರೆಮನೆಯ ಲಕ್ಕಮ್ಮ ತೋಳು ಹಿಡಿದೆಳೆದಳು: “ಒಳಿಕ್ಕೆ ಹೋಗ್ಬ್ಯಾಡಿ ಸ್ವಾಮಿ, ಇಲಿ ಸತ್ತ್ ಬಿದ್ದವೆ!” ಕೇಳಲಿಲ್ಲ. ಮನೆಯೊಳಗೆ ಎಷ್ಟೋ ಹೊತ್ತು ತಡಕಾಡಿ, ನನ್ನ ಚಿತ್ರಗಳ ಒಂದು ಪುಸ್ತಕವನ್ನು ಎದೆಗವಚಿಕೊಂಡು ಹೊರಬಂದರು. ಐದನೆಯ ದಿನ ತೊಡೆಸಂದಿನಲ್ಲಿ ಗಡ್ಡೆ ಎದ್ದಿತು.

ಜ್ವರದಲ್ಲಿ ಕೇಳಿದರು: “ಜಗದಾ, ಬೆಚ್ಚಗಿನ ಜಾಡಿಯ ಒಂಬತ್ತನೇ ತಲೆಮಾರು ಬರೆದಿಟ್ಟೆಯಾ?”

“ಬರೆದಿಟ್ಟಿದ್ದೀನಿ, ಜೋಪಾನವಾಗಿದೆ,” ಎಂದೆ. ಅದು ಸುಟ್ಟ ಟ್ರಂಕಿನಲ್ಲಿತ್ತು. ಮದುವೆಯಾದ ಮೇಲೆ ಅವರಿಗೆ ನಾನು ಹೇಳಿದ ಮೊದಲ ಸುಳ್ಳು. ಮಾರನೆಯ ಬೆಳಿಗ್ಗೆ ಹೋಗಿಬಿಟ್ಟರು.

ಅಂದು ನಮ್ಮ ಮನೆಯಿಂದ ತಮ್ಮ ಆಳುಗಳು ಒಯ್ದ ಶಾಲೆಯ ಸೂಕ್ಷ್ಮದರ್ಶಕ ಈಗಲೂ ತಮ್ಮ ಕಚೇರಿಯ ಬೀರುವಿನಲ್ಲಿ ‘ಸೋಂಕಿನ ಸಾಮಾನು’ ಎಂಬ ಚೀಟಿ ಅಂಟಿಸಿಕೊಂಡು ಕೂತಿದೆ. ಕೇಳಲು ಬಂದರೆ ತಮ್ಮ ಗುಮಾಸ್ತರು, “ಹೆಂಗಸ್ರಿಗೆ ಅದ್ಯಾಕಮ್ಮ?” ಎಂದು ನಕ್ಕರು. ಹತ್ತು ತಿಂಗಳಿಂದ ಬೀರುವಿನಲ್ಲಿರುವ ಗಾಜಿಗೆ ಅದೆಂಥ ಸೋಂಕು ಉಳಿದೀತು? ಹೆಂಗಸಿನ ಕಣ್ಣಿಗೆ ಕಾಣದಂಥದ್ದು ಅದರಲ್ಲೇನಿದೆ?

ಪಂಚನಾಮೆಯ ಆ ಪದವನ್ನು ಹೊಡೆದುಹಾಕಿ ‘ಸಂಶೋಧನೆ’ ಎಂದು ಬರೆಸಿ, ಕೆಳಗೆ ತಾವೇ ರುಜು ಮಾಡಬೇಕು. ಸೂಕ್ಷ್ಮದರ್ಶಕವನ್ನು ಶಾಲೆಗೆ ಮರಳಿಸಿ, ವಾರಕ್ಕೊಂದು ದಿನ ನಾನು ಅದರ ಮುಂದೆ ಕೂರಲು ಲಿಖಿತ ಅಪ್ಪಣೆ ಕೊಡಬೇಕು. ಸಂತೆಯಿಂದ ಹುಳು ಬಿದ್ದ ಜೋಳ ತಂದು ಮೊದಲ ಜಾಡಿ ಕಟ್ಟಿದ್ದೇನೆ. ಎಲ್ಲವನ್ನೂ ಮೊದಲಿನಿಂದ ಎಣಿಸಬೇಕು. ನನಗೀಗ ಐವತ್ತೆರಡು.

ಇಂತಿ,
ಕಾಯುವಷ್ಟು ಆಯಸ್ಸು ಕೈಯಲ್ಲಿಲ್ಲದ
ಜಗದಾಂಬ