ಲೈನಿಂಗ್ ಇಲ್ಲದ ಪರದೆ

ಜೂನ್ 4, ಬುಧವಾರ

ಇವತ್ತೂ ಹಸಿರು ಬಟ್ಟೆ. ಯಾವುದೋ ಆಫೀಸಿನ ಪರದೆಗಳು. ಒಂದೊಂದರ ಬೆನ್ನಿಗೂ ದಪ್ಪ ಬಿಳಿ ಲೈನಿಂಗ್ — ಬಿಸಿಲೂ ಬರಬಾರದಂತೆ, ಬೀದಿಯ ಗಲಾಟೆಯೂ ಬರಬಾರದಂತೆ. ಹೊಲಿದು ಹೊಲಿದು ಕಣ್ಣು ಮುಚ್ಚಿದರೂ ಹಸಿರೇ.

ಮಧ್ಯಾಹ್ನ ಒಬ್ಬ ಗಿರಾಕಿ ಬಂದ. ಕನ್ನಡಕ, ಕಂಕುಳಲ್ಲಿ ಹೆಲ್ಮೆಟ್. ಅಳತೆ ಹೇಳಿದ.

"ಕಿಟಕಿ ಇದಕ್ಕಿಂತ ಎಷ್ಟು ಚಿಕ್ಕದು?" ಅಂಗಡಿ ಮಾಮ ಕೇಳಿದರು.

"ಕಿಟಕಿ ಇಲ್ಲ. ಬರೀ ಗೋಡೆ."

"ಬರೀ ಗೋಡೆಗೆ ಪರದೆ ಯಾಕ್ರೀ?"

"ಇರ್ಲಿ ಬಿಡಿ" ಅಂದ.

ಮಾಮ ತಲೆ ಕೆರೆದುಕೊಂಡು ಬಟ್ಟೆ ತೋರಿಸಲು ಹೋದರು. ಅಷ್ಟೇ! ನನಗೋ ತಲೆಯೊಳಗೆ ಅದೊಂದೇ ಮಾತು. ಯಾಕೆ, ಯಾಕೆ... ಮಿಷನ್ ನಿಲ್ಲಿಸಿ ಅವನ ಮುಖ ನೋಡಿದೆ. ನಾಲಿಗೆ ಏಳಲಿಲ್ಲ. ಮಾಮ ನನ್ನನ್ನು ಮೌನಗೌರಿ ಎಂದು ಸುಮ್ಮನೆ ಕರೆಯುವುದಿಲ್ಲ.

ಮನೆಗೆ ಬಂದು ತಂಗಿ ಗಿಣಿಗೆ ಹೇಳಿದೆ. ನಮ್ಮ ಅಂಗಡಿಯ ಏಣಿಯಿಂದ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಎರಡು ದಿಂಬಿನ ಮೇಲೆ ಕಾಲಿಟ್ಟು ಮಹಾರಾಣಿಯ ಹಾಗೆ ಕೂತಿದ್ದಾಳೆ.

"ಕೇಳೋಕೆ ಏನ್ ಧಾಡಿಯಾಗಿತ್ತು ಅಕ್ಕಾ ನಿಂಗೆ? ಪ್ಲಾಸ್ಟರ್ ಒಳಗೆ ಕೆರೆತ ಸಾಲ್ದು ಅಂತ ಈಗ ತಲೆ ಒಳಗೂ ಕೆರೆತ!"

ರಾತ್ರಿ ಮಲಗಿದ ಮೇಲೆ ಅವಳೇ ಕಥೆ ಕಟ್ಟಿದಳು. ನಮ್ಮದು ಒಂದೇ ಕೋಣೆಯ ಮನೆ. ನಾನು ಮೊದಲು ಹೊಲಿದ ಪರದೆಯ ಆ ಕಡೆ ಅಮ್ಮ, ಈ ಕಡೆ ನಾವಿಬ್ಬರು. ಅವಳು ಹೇಳುವುದು, ನಾನು ಹೂಂಗುಟ್ಟುವುದು. "ಆ ಗೋಡೆ ಹಿಂದೆ ಇನ್ನೊಂದು ಮನೆ ಇದೆ ಕಣೇ, ಅಲ್ಲಿ ಅವನ..." — ನಿದ್ದೆ. ಯಾವಾಗಲೂ ಹೀಗೇ, ಮಾತಿನ ನಡುವೆಯೇ ದೀಪ ಆರಿದ ಹಾಗೆ ಮಲಗಿಬಿಡುತ್ತಾಳೆ. ಎಲ್ಲಿಗೆ ನಿಂತಿತ್ತು ಎಂದು ಬೆಳಗ್ಗೆ ನಾನು ನೆನಪು ಮಾಡಬೇಕು. ಅಲ್ಲಿಂದಲೇ ಮುಂದುವರಿಸುತ್ತಾಳೆ.

ಜೂನ್ 5, ಬೆಳಗ್ಗೆ

"ಅಲ್ಲಿ ಅವನ..." ಅಂದೆ.

"ಹಾಂ, ಅವನ ಮೊದಲ್ನೇ ಹೆಂಡ್ತಿ!" ಕಣ್ಣು ಕೂಡ ಬಿಟ್ಟಿರಲಿಲ್ಲ.

ಜೂನ್ 7, ಶನಿವಾರ

ಗಿಣಿಗೆ ಯೂನಿವರ್ಸಿಟಿ ಸೀಟು ಖಾತ್ರಿಯಾಯಿತು. ಅಮ್ಮ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ಬಾಗಿಲಲ್ಲೇ ಕೂತು ಅತ್ತಳು. ಆಮೇಲೆ ನಾವು ನೋಡಿದೆವೆಂದು ಬೈದಳು.

ಈಗ ಹಾಸ್ಟೆಲ್ ಆರಿಸಬೇಕು. ಮನೆಯಿಂದ ಓಡಾಡಲು ಆಗುವುದಿಲ್ಲ, ಹೋಗಲು ಎರಡೂವರೆ ಗಂಟೆ, ಬರಲು ಅಷ್ಟೇ. ಮೊದಲ ವರ್ಷದ ಹುಡುಗಿಯರಿಗೆ ಎರಡು ಜಾಗ. ಒಂದಕ್ಕೆ ಟವರ್ ಎನ್ನುತ್ತಾರೆ — ಹೊಸದು, ಒಬ್ಬರಿಗೆ ಒಂದು ರೂಮು. ಇನ್ನೊಂದು ಹಳೇ ಕಟ್ಟಡ — ರೂಮಿಗೆ ನಾಲ್ಕು ಜನ. ಇಪ್ಪತ್ತನೇ ತಾರೀಖಿನೊಳಗೆ ವೆಬ್‌ಸೈಟಿನಲ್ಲಿ ಒಂದನ್ನು ಒತ್ತಬೇಕು. ಒತ್ತಿದ ಮೇಲೆ ಇಡೀ ವರ್ಷ ಬದಲಾಯಿಸುವಂತಿಲ್ಲ.

"ಇದರಲ್ಲಿ ಯೋಚ್ನೆ ಮಾಡೋದೇನಿದೆ? ಟವರ್" ಅಂದಳು ಅಮ್ಮ. "ಒಬ್ಬಳೇ ಬಾಗ್ಲು ಹಾಕ್ಕೊಂಡು ಓದ್ಕೋಬಹುದು."

ಗಿಣಿ ಸುಮ್ಮನಿದ್ದಳು. ಅವಳು ಸುಮ್ಮನಿದ್ದರೆ ಮನೆಯಲ್ಲಿ ಗಡಿಯಾರ ನಿಂತ ಹಾಗೆ.

ಹೋದ ವರ್ಷ ಓದಿಕೊಳ್ಳಲಿ ಎಂದು ಅತ್ತೆಯ ಮನೆಯ ಮಹಡಿ ರೂಮಿಗೆ ಕಳಿಸಿದ್ದೆವು. ವಾರ ಮುಗಿಯುವ ಮೊದಲೇ ವಾಪಸ್ ಬಂದಳು. ಕಣ್ಣ ಕೆಳಗೆ ಕಪ್ಪು. ಏನಾಯಿತೆಂದು ಹೇಳಲಿಲ್ಲ. ಮನೆ ನೆನಪಾಯಿತೇನೋ ಎಂದುಕೊಂಡೆವು. ಈ ಸಲ ಹಾಗೆ ಬಂದರೆ ಓದು ಅಲ್ಲಿಗೇ ನಿಂತಿತು.

"ನೋಡ್ದೆ ಹೇಗೆ ಒತ್ತೋದು?" ಎಂದಳು ಕೊನೆಗೆ. "ನಾನಂತೂ ಕುಂಟಿ. ಅಕ್ಕ ನೋಡ್ಕೊಂಡು ಬರ್ಲಿ. ಮಂಗಳವಾರ ಅಂಗಡಿಗೆ ರಜ ತಾನೇ?"

ನಾನಾ! ಐದನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು. ಯೂನಿವರ್ಸಿಟಿಯ ಗೇಟಿನಲ್ಲಿ ಏನಂತ ಹೇಳಲಿ? ರಾತ್ರಿಯಿಡೀ ಅದೇ ಭಯ... ಸುಳ್ಳೇಕೆ, ಒಳಗೊಳಗೆ ಆಸೆಯೂ. ಅಲ್ಲಿ ರೂಮುಗಳು ಹೇಗಿರುತ್ತವೆ?

ಜೂನ್ 10, ಮಂಗಳವಾರ, ಸಂಜೆ

ಹೋಗಿ ಬಂದೆ!

ಗೇಟಿನಲ್ಲಿ ಯಾರೂ ಏನೂ ಕೇಳಲಿಲ್ಲ. ನನ್ನ ಹಾಗೆ ಹಾಸ್ಟೆಲ್ ನೋಡಲು ಬಂದ ಹುಡುಗಿಯರ ದೊಡ್ಡ ಗುಂಪೇ ಇತ್ತು, ಅಪ್ಪ ಅಮ್ಮಂದಿರ ಜೊತೆ. ಅದರ ಬಾಲ ಹಿಡಿದೆ. ಬಿಳಿ ಶೂ ಹಾಕಿದ ಒಬ್ಬ ಸೀನಿಯರ್ ಹುಡುಗಿ ಎಲ್ಲ ತೋರಿಸಿದಳು.

ಟವರ್‌ನಲ್ಲಿ ಒಂಬತ್ತನೇ ಮಹಡಿ. ರೂಮು ಸಣ್ಣದು, ಚೊಕ್ಕ. ಗುಂಪು ಮುಂದೆ ಹೋಯಿತು, ನಾನು ಹಿಂದೆ ಉಳಿದೆ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಆಮೇಲೆ... ಏನೂ ಇಲ್ಲ. ಸದ್ದೇ ಇಲ್ಲ. ನನ್ನ ಉಸಿರು ನನಗೆ ಕೇಳಿಸಿತು. ಮಂಚದ ಅಂಚಿನಲ್ಲಿ ಕೂತೆ. ಇಂಥ ಕಡೆ ಕೂತು ಬರೆದರೆ ಎಷ್ಟು ಬರೆಯಬಹುದು! ಬಿಳಿ ಶೂ ಬಂದು ಬಾಗಿಲು ತಟ್ಟುವವರೆಗೂ ಕೂತಿದ್ದೆ.

ಹಳೇ ಕಟ್ಟಡ ಸಂತೆ. ಪರೀಕ್ಷೆ ಮುಗಿಯದೆ ಉಳಿದವರು ಇದ್ದರು. ಮಂಚಗಳ ಮೂಲೆಗೆ ಕೋಲು ಕಟ್ಟಿ, ಬೆಡ್‌ಶೀಟು, ದುಪಟ್ಟಾ, ಹಳೇ ಟವೆಲು ಇಳಿಬಿಟ್ಟಿದ್ದಾರೆ. ಒಬ್ಬೊಬ್ಬರಿಗೂ ಬಟ್ಟೆಯದೊಂದು ಗೂಡು. ಒಂದು ಗೂಡಿನಿಂದ ಕೈ ಹೊರಬಂದು ಇನ್ನೊಂದು ಗೂಡಿಗೆ ಬಾಚಣಿಗೆ ಕೊಟ್ಟಿತು. "ಬನ್ನಿ, ಬಿಸ್ಕೆಟ್ ತಗೊಳಿ" ಎಂದಳು ಯಾರೋ. ಓಡಿ ಬಂದೆ.

ಜೂನ್ 11

ನಿನ್ನೆ ಫೋನಿನಲ್ಲಿ ತೆಗೆದ ವಿಡಿಯೋಗಳನ್ನು ಗಿಣಿ ನೋಡಿದಳು. ನೋಡುತ್ತಾ ಹೋದ ಹಾಗೆ ಮುಖ ಒಂಥರಾ ಆಯಿತು.

"ಅಕ್ಕಾ, ಇದೇನಿದು?"

"ಟವರ್ ರೂಮು."

"ಇದು ಕಿಟಕಿ. ಇದು?"

"ಹಳೇ ಕಟ್ಟಡ..."

"ಇದೂ ಕಿಟಕಿ! ಇದು ಕಿಟಕಿಯ ಮೇಲಿನ ಕಂಬಿ. ಇದು... ಕಂಬಿಯ ಕೊಕ್ಕೆ!"

ನೋಡಿದರೆ ನಿಜ. ಎಲ್ಲ ವಿಡಿಯೋಗಳಲ್ಲೂ ಬರೀ ಕಿಟಕಿ. ನನಗೇ ಗೊತ್ತಾಗಿಲ್ಲ. ಟವರಿನ ಕಿಟಕಿ ಪಶ್ಚಿಮಕ್ಕಿದೆ, ಗೇಣಿಗಿಂತ ಹೆಚ್ಚು ತೆರೆಯುವುದಿಲ್ಲ, ಹಳೆಯದರಲ್ಲಿ ಕಂಬಿ ಒಂದು ಕಡೆ ವಾಲಿದೆ — ಕೇಳಿದರೆ ಇನ್ನೂ ಹೇಳಬಲ್ಲೆ.

"ಬಾತ್‌ರೂಮ್ ಎಲ್ಲಿತ್ತು?"

ಗೊತ್ತಿಲ್ಲ.

"ಓದೋಕೆ ಟೇಬಲ್ ಇತ್ತಾ?"

ಇತ್ತೇನೋ...

ಗಿಣಿ ನಕ್ಕು ನಕ್ಕು ಪ್ಲಾಸ್ಟರ್ ಕಾಲು ದಿಂಬಿನಿಂದ ಜಾರಿತು. "ಅಮ್ಮಾ, ನಿನ್ ದೊಡ್ಡ ಮಗಳು ಹಾಸ್ಟೆಲ್ ನೋಡೋಕಲ್ಲ, ಆರ್ಡರ್ ಹಿಡಿಯೋಕೆ ಹೋಗಿದ್ಲು!" ಅಮ್ಮನೂ ನಕ್ಕಳು. ನನಗೆ ಅಳು ಬಂತು, ಆಮೇಲೆ ನಗು.

ಮತ್ತೆ ಹೋಗಬೇಕಂತೆ. ಈ ಸಲ ನೋಡುವುದು ಸಾಲದು, ಬಾಯಿ ಬಿಟ್ಟು ಕೇಳಬೇಕಂತೆ. ನೀರು ಬಿಸಿ ಬರುತ್ತಾ, ಟೇಬಲ್ ಇದೆಯಾ, ಎಲ್ಲ ಬಾಯಿಪಾಠ ಮಾಡಿಸಿದಳು. ಕೊನೆಗೆ ಕಿಟಕಿಯ ಕಡೆ ತಿರುಗಿಕೊಂಡು ಮೆಲ್ಲಗೆ ಇನ್ನೊಂದು ಹೇಳಿದಳು:

"ರಾತ್ರಿ ಯಾರಿಗಾದ್ರೂ ನಿದ್ದೆ ಬರ್ಲಿಲ್ಲ ಅಂದ್ರೆ ಏನ್ ಮಾಡ್ತಾರೆ ಅಂತ ಕೇಳು."

ಜೂನ್ 17, ಮಂಗಳವಾರ

ಕೇಳಿದೆ. ಎಲ್ಲ ಕೇಳಿದೆ.

ಬಸ್ಸಿನಲ್ಲಿ ಪಕ್ಕದ ಸೀಟಿನವಳು ನನ್ನ ತುಟಿ ಅಲ್ಲಾಡುವುದನ್ನು ನೋಡಿ ಎದ್ದು ಬೇರೆ ಕಡೆ ಕೂತಳು. ಟವರಿನಲ್ಲಿ ಬಿಳಿ ಶೂ ಸಿಕ್ಕಳು. ನೀರಿನ ಪ್ರಶ್ನೆ ಕೇಳುವಾಗ ಧ್ವನಿ ನಡುಗಿತು. ಟೇಬಲ್ ಪ್ರಶ್ನೆಗೆ ಸ್ವಲ್ಪ ಕಡಿಮೆ. ಆಮೇಲೆ ಕೊನೆಯದನ್ನೂ ಕೇಳಿದೆ.

"ನಿದ್ದೆ ಬರದಿದ್ರೆ... ಫೋನ್ ನೋಡ್ತೀವಿ. ಇಲ್ಲಿ ಪಕ್ಕದ ರೂಮಲ್ಲಿ ಯಾರಿದ್ದಾರೆ ಅಂತಾನೂ ಗೊತ್ತಾಗಲ್ಲ, ಅಷ್ಟು ಸೈಲೆಂಟ್. ಅದೇ ಇದರ ಪ್ಲಸ್ ಪಾಯಿಂಟ್."

ಹಳೇ ಕಟ್ಟಡದಲ್ಲಿ ಒದ್ದೆ ಕೂದಲಿನ ಒಬ್ಬಳು ಮೆಟ್ಟಿಲ ಮೇಲೆ ಕೂತಿದ್ದಳು. ಬಿಸಿನೀರು ಬೆಳಗ್ಗೆ ಮಾತ್ರ, ಅದೂ ಜಗಳವಾಡಿದರೆ. ಟೇಬಲ್ ಇಬ್ಬರಿಗೆ ಒಂದು. ನಿದ್ದೆಯ ಮಾತು ಕೇಳಿದ್ದೇ ಜೋರಾಗಿ ನಕ್ಕಳು.

"ಇವಳಿಗೆ ನಿದ್ದೆ ಬರದಿದ್ರೆ ನಮ್ಮನ್ನೂ ಎಬ್ಬಿಸ್ತಾಳೆ ಕಣ್ರೀ!" ಒಳಗಿನ ಬಟ್ಟೆಯ ಗೂಡಿನಿಂದ ಒಂದು ದನಿ.

"ನೀನೇ ತಾನೇ 'ಆಮೇಲೆ? ಆಮೇಲೆ?' ಅಂತ ಜೀವ ತಿನ್ನೋಳು!" ಇವಳು ತಿರುಗಿ ಕೂಗಿದಳು. ಆಮೇಲೆ ನನಗೆ, "ಕೂತ್ಕೊಳಿ, ಯಾಕೆ ನಿಂತೇ ಇದ್ದೀರ?"

ಕೂತೆ. ಬಿಸ್ಕೆಟ್ ತಿಂದೆ.

ಬರುವಾಗ ಬಸ್ಸಿನ ಕಿಟಕಿಗೆ ತಲೆ ಕೊಟ್ಟು ಯೋಚಿಸಿದೆ. ಟವರಿನ ಆ ಮಂಚದ ಮೇಲೆ ಕೂತಾಗ ನನ್ನ ಕಣ್ಣಮುಂದೆ ಗಿಣಿ ಇರಲೇ ಇಲ್ಲ. ನಾನೇ ಇದ್ದೆ. ಆ ರೂಮನ್ನು ನನಗಾಗಿ ಮೆಚ್ಚಿಕೊಂಡಿದ್ದೆ.

ಜೂನ್ 18

ಗೋಡೆಯ ಪರದೆಯವನು ಬಂದ! ಮಾಮ ಊಟಕ್ಕೆ ಹೋಗಿದ್ದರು. ಪರದೆ ಮಡಚಿ ಕೊಡುತ್ತಾ ನೆಲ ನೋಡಿಕೊಂಡೇ ಕೇಳಿಬಿಟ್ಟೆ, "ಗೋಡೆಗೆ ಯಾಕೆ ಪರದೆ?"

ಅವನು ನಾಚಿಕೊಂಡ. ನನಗಿಂತ ಹೆಚ್ಚು!

ಬಾಡಿಗೆ ಮನೆಯಂತೆ. ಮೊದಲಿದ್ದವರ ಮಗು ಒಂದು ಗೋಡೆ ತುಂಬ ರೈಲು ಬರೆದಿದೆಯಂತೆ. ಇಪ್ಪತ್ತು ಬೋಗಿ. ಪ್ರತಿ ಕಿಟಕಿಯಲ್ಲೂ ಬೇರೆ ಬೇರೆ ಮುಖ. ಮನೆಯ ಮಾಲೀಕರು ಆಗಾಗ ಬರುತ್ತಾರೆ, ನೋಡಿದರೆ ಸುಣ್ಣ ಹೊಡೆಸುತ್ತಾರೆ. "ನನ್ ಹೆಂಡ್ತಿಗೆ ಅಳಿಸೋಕೆ ಮನಸ್ಸಿಲ್ಲ. ಅಷ್ಟು ಜನ ಎಲ್ಲಿಗೋ ಹೊರಟಿದ್ದಾರೆ, ಇಳಿಸೋದು ಹೇಗೆ ಅಂತಾಳೆ. ಮಾಲೀಕರು ಬಂದಾಗ ಪರದೆ ಎಳೀತೀವಿ, ಹೋದ್ಮೇಲೆ ಸರಿಸ್ತೀವಿ." ಹೆಲ್ಮೆಟ್ ಹಾಕಿಕೊಂಡು ಹೊರಟೇಹೋದ.

ಗಿಣಿಗೆ ಹೇಳಿದರೆ ಕೈ ತಟ್ಟಿದಳು. "ನೀನೇ ಕೇಳಿದ್ಯಾ? ನೀನೇ?" ರೈಲಿಗಿಂತ ಅದೇ ದೊಡ್ಡ ಸುದ್ದಿ ಅವಳಿಗೆ.

ಜೂನ್ 19, ಗುರುವಾರ

ನಾಳೆ ಕೊನೆಯ ದಿನ. ಊಟವಾದ ಮೇಲೆ ಮೂವರೂ ಫೋನಿನ ಮುಂದೆ ಕೂತೆವು. ಅಮ್ಮ ಟವರ್ ಟವರ್ ಎನ್ನುತ್ತಲೇ ಇದ್ದಳು.

"ಬೇಡ" ಅಂದೆ.

ಇಬ್ಬರೂ ನನ್ನ ಕಡೆ ತಿರುಗಿದರು.

"ಟವರ್ ನಂಗೆ ಇಷ್ಟ ಆಗಿತ್ತು ಅಮ್ಮ. ಅದು ನನ್ನಂಥವರಿಗೆ. ಇವಳು ಅಲ್ಲಿ ಒಣಗಿಹೋಗ್ತಾಳೆ."

"ಚೆನ್ನಾಗಿದೆ! ಅಲ್ಲಿ ಮೂರು ಜನ ಹರಟೆ ಮಲ್ಲಿಯರು, ಇವಳು ನಾಲ್ಕನೆಯವಳು. ಓದಿದ ಹಾಗೇ!"

ಗಿಣಿ ಪ್ಲಾಸ್ಟರಿನ ಅಂಚು ಕೀಳುತ್ತಾ ಕೂತಿದ್ದಳು. "ಅತ್ತೆ ಮನೆ ಮಹಡೀಲಿ ನಂಗೆ ಒಂದಿನಾನೂ ನಿದ್ದೆ ಬರ್ಲಿಲ್ಲಮ್ಮ. ಗೋಡೆ ಜೊತೆ ಮಾತಾಡ್ತಿದ್ದೆ. ಗೋಡೆ ಹೂಂ ಅನ್ನಲ್ಲ. ನಿದ್ದೆ ಇಲ್ದೆ ಏನ್ ಓದ್ಲಿ? ಹೇಳಿದ್ರೆ ನಗ್ತೀರ ಅಂತ ಹೇಳ್ಲಿಲ್ಲ."

ಯಾರೂ ನಗಲಿಲ್ಲ. ಅಮ್ಮ ಎದ್ದು ಹೋಗಿ ನೀರು ಕುಡಿದಳು. ಬೆನ್ನು ಹಾಕಿಕೊಂಡೇ ಅಂದಳು, "ಬಿಸಿನೀರಿಗೆ ಜಗಳ ಆಡೋಕೆ ಇವಳಿಗೆ ಯಾರೂ ಹೇಳ್ಕೊಡ್ಬೇಕಾಗಿಲ್ಲ ಬಿಡು."

"ನೀನೇ ಒತ್ತು ಅಕ್ಕಾ. ನೋಡ್ಕೊಂಡು ಬಂದೋಳು ನೀನು."

ಹಳೇ ಕಟ್ಟಡ. ಒತ್ತಿದೆ. ಬೆರಳು ಬೆವರಿತ್ತು, ಎರಡು ಸಲ ಒತ್ತಬೇಕಾಯಿತು.

ಜುಲೈ 27

ಬರೆಯದೆ ಎಷ್ಟು ದಿನ ಆಯಿತು. ಗಿಣಿಯ ಪ್ಲಾಸ್ಟರ್ ಬಿಚ್ಚಿದರು. ಕಾಲು ಕೋಲಿನ ಹಾಗೆ ಸಣಕಲು. ಮನೆ ತುಂಬ ಪೆಟ್ಟಿಗೆ.

ಅವಳ ಮಂಚಕ್ಕೆ ಪರದೆ ಹೊಲಿಯುತ್ತಿದ್ದೇನೆ. ತಿಳಿ ಹಳದಿ, ತೆಳು ಹತ್ತಿ ಬಟ್ಟೆ. ಲೈನಿಂಗ್ ಕೊಡಲಿಲ್ಲ.

ಮಾಮ ಬೆರಳಲ್ಲಿ ಉಜ್ಜಿ ನೋಡಿದರು. "ಏನಮ್ಮಾ ಮೌನಗೌರಿ, ಲೈನಿಂಗ್ ಇಲ್ದೆ ಇದನ್ನ ನಮ್ಮ ಅಂಗಡೀದು ಅಂತ ಹೇಳ್ಬೇಡ. ಇದ್ರಲ್ಲಿ ಮಾತೆಲ್ಲಾ ಆಚೆ ಹೋಗುತ್ತೆ."

"ಹೋಗ್ಲಿ ಅಂತಾನೇ ಮಾಮ" ಅಂದೆ.

ಆಗಸ್ಟ್ 3

ಗಿಣಿಯನ್ನು ಹಾಸ್ಟೆಲಿಗೆ ಬಿಟ್ಟು ಬಂದೆವು. ಕೋಲು ಕಟ್ಟಿ ಪರದೆ ಏರಿಸಿದೆ. ಎದುರು ಮಂಚಗಳು ಇನ್ನೂ ಖಾಲಿ. ಪಕ್ಕದ ಮಂಚದ ಹುಡುಗಿ ಮಾತ್ರ ಬಂದಿದ್ದಾಳೆ — ದೊಡ್ಡ ಸ್ವೆಟರ್, ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾಳೆ, ಅಷ್ಟೇ. ನನ್ನನ್ನೇ ನೋಡಿದ ಹಾಗಾಯಿತು. ಗಿಣಿ ಬಾಗಿಲವರೆಗೆ ಬಂದಳು. ಏನೋ ಹೇಳಲು ಹೊರಟು ನಿಲ್ಲಿಸಿದಳು. ನಿದ್ದೆ ಬಾರದೆಯೂ ಅವಳ ಮಾತು ನಡುವೆ ನಿಂತದ್ದು ಅದೇ ಮೊದಲು.

ಸರಿಯಾದದ್ದನ್ನೇ ಒತ್ತಿದೆನಾ? ಗೊತ್ತಿಲ್ಲ.

ಆಗಸ್ಟ್ 6

ಮನೆ ಬಿಕೋ ಎನ್ನುತ್ತಿದೆ. ಟವರಿನ ರೂಮಿನಷ್ಟೇ ಮೌನ. ನನಗೆ ಬೇಕಾಗಿದ್ದು ಇದೇ ಅಲ್ಲವೇ? ಬೆಳಗ್ಗೆ ಎದ್ದರೆ ನೆನಪು ಮಾಡಲು ಏನೂ ಇಲ್ಲ.

ಗಿಣಿ ಬರೀ ಮೆಸೇಜು ಕಳಿಸುತ್ತಾಳೆ. "ಚೆನ್ನಾಗಿದ್ದೀನಿ." ನಿದ್ದೆಯ ಮಾತೇ ಇಲ್ಲ. ಕೇಳಲು ಭಯ.

ಆಗಸ್ಟ್ 10, ಭಾನುವಾರ, ಮಧ್ಯಾಹ್ನ ಮೂರು

ಅಂಗಡಿಯಲ್ಲಿ ಒಬ್ಬಳೇ ಇದ್ದೇನೆ. ಈಗಲೇ ಬರೆದುಬಿಡಬೇಕು.

ಗಿಣಿಯ ಫೋನ್ ಬಂತು. ಊಟ ಮಾಡಿ ಮಲಗಿದ್ದಳಂತೆ. ಬಿಸಿನೀರಿನ ಜಗಳ, ಮೇಷ್ಟ್ರ ನಡಿಗೆ, ಒಂದೇ ಉಸಿರಿಗೆ. ಆಮೇಲೆ "ತಡಿ, ಇಲ್ಲಿ ಗೋಡೆ ಪರದೆ ಕಥೆ ಹೇಳ್ತಿದ್ದೆ, ಕೇಳಿಸ್ಕೋ" ಎಂದಳು. ನನಗೆ ಗೊತ್ತಿದ್ದ ಕಥೆ. ಮಿಷನ್ ನಿಲ್ಲಿಸಿ ಹೂಂಗುಟ್ಟಿದೆ. "ನಮ್ಮಕ್ಕ, ಬಾಯೇ ಬಿಡದ ನಮ್ಮಕ್ಕ, ಅವನ ಮುಂದೆ ನಿಂತು..."

ಅಷ್ಟೇ. ಕಾದೆ. ಸಣ್ಣ ಗೊರಕೆ.

ಮಲಗಿಬಿಟ್ಟಿದ್ದಾಳೆ! ಅಲ್ಲಿ, ಆ ಮಂಚದ ಮೇಲೆ, ಮನೆಯಲ್ಲಿ ಮಲಗಿದ ಹಾಗೇ! ನಗಬೇಕೋ ಅಳಬೇಕೋ ತಿಳಿಯದೆ ಫೋನ್ ಹಿಡಿದೇ ಕೂತೆ. ಆಗ ಪರದೆಯ ಉಂಗುರಗಳು ಸರಿದ ಸದ್ದು. ಆ ಸದ್ದು ನನಗೆ ಎಲ್ಲಿದ್ದರೂ ಗೊತ್ತಾಗುತ್ತದೆ. ಯಾರೋ ಫೋನ್ ಎತ್ತಿಕೊಂಡರು. ತುಂಬಾ ಸಣ್ಣ ದನಿ.

"ನಾನು... ಪಕ್ಕದ ಮಂಚ." ಸ್ವೆಟರ್ ಹುಡುಗಿ! "ದಿನಾ ಹೀಗೇ ಮಾಡ್ತಾಳೆ. ಪರದೆ ಆಚೆಯಿಂದ ನಾನು ಕೇಳಿಸ್ಕೋತಾ ಇರ್ತೀನಿ. ಎಬ್ಬಿಸೋಕೆ ಮನಸ್ಸಾಗಲ್ಲ. ಅಕ್ಕಾ... ಗೋಡೆಗೆ ಯಾಕೆ ಪರದೆ ಅಂತ ನಿಮ್ಗೆ ಗೊತ್ತಾ?"

"ಗೊತ್ತು" ಅಂದೆ. "ಕೇಳಿದ್ದು ನಾನೇ."

"ಹೇಳ್ತೀರಾ? ಮೊದ್ಲಿಂದ?"

ಇಷ್ಟು ಉದ್ದದ ಮಾತನ್ನು ಪರರ ಹತ್ತಿರ ಎಂದೂ ಆಡಿದವಳಲ್ಲ. ಆದರೂ ಶುರು ಮಾಡಿದೆ. ಅವತ್ತು ಹಸಿರು ಬಟ್ಟೆ ಹೊಲೀತಾ ಇದ್ದೆ, ಮಧ್ಯಾಹ್ನ ಒಬ್ಬ ಬಂದ, ಕಂಕುಳಲ್ಲಿ ಹೆಲ್ಮೆಟ್ಟು, ಅಂದೆ. ಆ ಕಡೆಯಿಂದ "ಹೂಂ" ಬಂತು. ಅಷ್ಟರಲ್ಲಿ ಇನ್ನೊಂದು "ಹೂಂ", ಬೇರೆ ದನಿಯದು, ಎದುರು ಮಂಚಕ್ಕೂ ಯಾರೋ ಬಂದಿರಬೇಕು. ನಾನು ನಿಲ್ಲಿಸದೆ ರೈಲಿನವರೆಗೂ ಹೇಳಿದೆ.