ಎಡ ಮೂಲೆಯಿಂದ ಒಂದು ಗೇಣು

ಮನೆ, ಹಿಂದಿನ ಕೋಣೆ
ಫೆಬ್ರವರಿ ೯, ಸೋಮವಾರ, ಮಧ್ಯಾಹ್ನ

ಪ್ರೀತಿಯ ಬುಗುರಿಗೆ,

ಈ ಪತ್ರದ ಕೊನೆಯಲ್ಲಿ ಸಹಿ ಮಾಡಿರುವ ನಿನ್ನ ಅಜ್ಜನು ಮೊದಲಿಗೆ ವಿಚಾರಿಸಿಕೊಳ್ಳುವುದೇನೆಂದರೆ, ನಿನ್ನ ಆರೋಗ್ಯ ಹೇಗಿದೆ, ಐಸ್ ಹಾಕಿ ಶಿಬಿರದ ಕೋಣೆ ಬೆಚ್ಚಗಿದೆಯೇ, ಸ್ಕೇಟ್ ಉಜ್ಜಿ ಹಿಮ್ಮಡಿಯಲ್ಲಿ ಎದ್ದಿದ್ದ ಬೊಕ್ಕೆ ಒಣಗಿತೇ ಎಂಬುದು. ನಾವೆಲ್ಲ ಕ್ಷೇಮ. ನಿನ್ನ ಅಜ್ಜಿ ದಿನಕ್ಕೆರಡು ಸಲ ನಿನ್ನ ಹೊದಿಕೆಯನ್ನು ಕೊಡವಿ ಮತ್ತೆ ಹಾಸುತ್ತಾಳೆ. ಅಲ್ಲಿ ಯಾರೂ ಮಲಗಿಲ್ಲವಲ್ಲ ಎಂದು ನಾನು ನೆನಪಿಸಿದರೆ, "ಧೂಳು ಮಲಗಿರುತ್ತಲ್ಲ, ಅದಕ್ಕೇ" ಎನ್ನುತ್ತಾಳೆ. "ಇದನ್ನೆಲ್ಲ ಫೋನಲ್ಲೇ ಹೇಳ್ಬಹುದಲ್ಲ ಮಾವ" ಎಂದಳು ನಿನ್ನ ಅಮ್ಮ. ಫೋನಿನಲ್ಲಿ ನನ್ನ ಮಾತು ಚೆಲ್ಲಾಪಿಲ್ಲಿಯಾಗುತ್ತದೆ. ಮೂವತ್ತೆಂಟು ವರ್ಷ ಕಚೇರಿಯ ನಕಲು ವಿಭಾಗದಲ್ಲಿ ಕುಳಿತು, ಜನರ ಅರ್ಜಿಗಳನ್ನು ಒಂದಕ್ಷರ ಬಿಡದೆ ಪ್ರತಿ ಮಾಡಿದ ಕೈಯಿದು. ಇದಕ್ಕೆ ಅಂಚು ಬಿಟ್ಟ ಕಾಗದವೇ ಬೇಕು.

ಇನ್ನು ವಿಷಯ. ಹೋದ ವಾರ ನೀನು ನಿನ್ನ ಅಮ್ಮನೊಡನೆ ಆಡಿದ ಮಾತು, ಫೋನಿನ ಸದ್ದು ದೊಡ್ಡದಾಗಿದ್ದ ಕಾರಣ, ನನ್ನ ಕಿವಿಗೂ ಬಿತ್ತು. ಬರುವ ಶನಿವಾರ ತರಬೇತುದಾರರು ಗೋಲಿನ ಮೇಲಿನ ಎಡ ಮೂಲೆಗೆ ಮಣಿಕಟ್ಟು ಮಗುಚಿ ಹೊಡೆಯುವ ರಿಸ್ಟ್ ಶಾಟ್ ಇಪ್ಪತ್ತು ಹೊಡೆಸಲಿದ್ದಾರೆ, ಹನ್ನೆರಡಾದರೂ ಒಳಗೆ ಬೀಳದಿದ್ದರೆ ತಂಡದಲ್ಲಿ ಜಾಗವಿಲ್ಲ, ಅಭ್ಯಾಸದಲ್ಲಿ ನಿನ್ನದು ಏಳನ್ನು ದಾಟಿಲ್ಲ ಎಂಬಿಷ್ಟೂ ತಿಳಿಯಿತು. "ಬೇರೆ ಮೂರು ಮೂಲೆಗೂ ಬೀಳುತ್ತೆ ಅಮ್ಮ, ಅದೊಂದಕ್ಕೆ ಆಗಲ್ಲ. ನನ್ನ ಮಣಿಕಟ್ಟೇ ಸರಿಯಿಲ್ಲ. ವಾಪಸ್ ಬಂದ್ಬಿಡ್ತೀನಿ, ಬಿಡು" ಎಂದು ನೀನು ನಕ್ಕೆ. ಆ ನಗು ನನಗೆ ಹಿಡಿಸಲಿಲ್ಲ. ನಿಜವಾಗಿ ಕೈಚೆಲ್ಲಿದವರು ಅರ್ಜಿಯಲ್ಲಿ ಗೋಳಾಡುವುದಿಲ್ಲ, ಹೀಗೆಯೇ ಹಗುರವಾಗಿ ಬರೆಸುತ್ತಾರೆ. ಅಂಥವನ್ನು ನಾನು ಎಷ್ಟೋ ಪ್ರತಿ ಮಾಡಿದ್ದೇನೆ.

ನಿನ್ನ ಅಜ್ಜ ಕೈಕಟ್ಟಿ ಕೂರುವವನಲ್ಲ. ಪರೀಕ್ಷೆಯನ್ನು ಒಂದು ತಿಂಗಳ ಮಟ್ಟಿಗೆ ಮುಂದೂಡಿ ಉಪಕರಿಸಬೇಕೆಂದು ತರಬೇತುದಾರರಿಗೆ ಎರಡು ಪುಟದ ಮನವಿ ಬರೆದು, ಸಾಕ್ಷಿಗೆ ನಮ್ಮೂರ ಹಿಮದಂಗಳದ, ಅಂದರೆ ನಿಮ್ಮ ರಿಂಕಿನ, ಮೇಸ್ತ್ರಿಯ ಸಹಿ ಹಾಕಿಸಲು ಹೊರಟೆ. ಅವನು ಕೈಗವಸು ಕಳಚಿ, ಎರಡೂ ಪುಟ ಓದಿ, "ಅಕ್ಷರ ಮುತ್ತು ಪೋಣಿಸಿದ ಹಾಗಿದೆ ಯಜಮಾನ್ರೇ. ಆದ್ರೆ ಅರ್ಜಿ ಕೊಟ್ರೆ ಗೋಲು ಪಕ್ಕಕ್ಕೆ ಸರಿಯುತ್ತಾ?" ಎಂದ. ಮನವಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡೆ. ಅದು ಈಗಲೂ ಅಲ್ಲೇ ಇದೆ, ಅಲ್ಲೇ ಇರಲಿ.

ಆಗಷ್ಟೇ ಹಿಮ ನಯಮಾಡುವ ಯಂತ್ರವು ಅಂಗಳದ ಮೇಲೆ ನೀರು ಸವರಿಕೊಂಡು ಹೋಗಿತ್ತು. ಮೇಲೆ ತೆಳ್ಳಗಿನ ಹಬೆ. ಕೆಳಗೆ, ಸೂರಿನ ದೀಪಗಳೆಲ್ಲ ಹಿಮದೊಳಗಿಳಿದು, ಅಲ್ಲಿ ತಲೆಕೆಳಗಾದ ಇನ್ನೊಂದು ರಿಂಕ್ ಇದ್ದಂತೆ. ಅಲ್ಲಿ ನೀನು ಆಡುತ್ತಿರಬಹುದೆಂದು ಕ್ಷಣಕಾಲ ಬಗ್ಗಿ ನೋಡಿದೆ. ಮೇಸ್ತ್ರಿ ನನ್ನನ್ನು ಉಗ್ರಾಣಕ್ಕೆ ಕರೆದೊಯ್ದು ಗೋಡೆಗೆ ಒರಗಿಸಿದ್ದ ಪ್ಲೈವುಡ್ ಹಲಗೆ ತೋರಿಸಿದ: ಗೋಲಿನ ಬಾಯಿಗೆ ಅಡ್ಡ ನಿಲ್ಲಿಸುವ, ನಾಲ್ಕು ಮೂಲೆಗೆ ನಾಲ್ಕು ಕಿಂಡಿ ಕೊರೆದ ಹಲಗೆ. "ಹೋದ ಚಳಿಗಾಲ ಪೂರ್ತಿ ಇದರ ಪ್ರಾಣ ತೆಗೆದದ್ದು ನಿಮ್ಮ ಮೊಮ್ಮಗಳು ಒಬ್ಬಳೇ" ಎಂದ. ಪಕ್ಕಿನ ರಬ್ಬರ್ ಬಿಲ್ಲೆ ಬಡಿದ ಕರಿಯ ಗುರುತುಗಳು ಹಲಗೆಯ ಮೈಮೇಲೆಲ್ಲ ಇದ್ದವು. ಮೂರು ಕಿಂಡಿಗಳ ಸುತ್ತ ಅವು, ಜೋಳಿಗೆಯಿಂದ ಉದುರಿದ ಕಾಳಿನಂತೆ, ಆಚೀಚೆ ಚದುರಿದ್ದವು. ಮೇಲಿನ ಎಡ ಕಿಂಡಿಯ ಅಂಚು ಮಾತ್ರ ಹೊಸದರಂತೆ ಸ್ವಚ್ಛ. ಅದರ ಬಲಕ್ಕೆ ಒಂದು ಗೇಣು ದೂರದಲ್ಲಿ ಅಷ್ಟೂ ಗುರುತು ಒಂದರ ಮೇಲೊಂದು ಬಿದ್ದು, ಅಂಗೈಯಗಲದ ಮಸಿಯ ಕಲೆಯಾಗಿತ್ತು.

ನಕಲುಗಾರನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ನಿನಗೆ ಹೇಳುತ್ತೇನೆ. ನಿದ್ದೆಗಣ್ಣಿನ ಕೈ ಪುಟಕ್ಕೊಂದು ಬೇರೆ ತಪ್ಪು ಮಾಡುತ್ತದೆ. ನೂರು ಪ್ರತಿಯಲ್ಲೂ ಅದೇ ಸಾಲಿನಲ್ಲಿ ಅದೇ ತಪ್ಪು ಬಂದರೆ, ಕೈ ಶುದ್ಧವಾಗಿದೆ, ಮೂಲ ಪ್ರತಿಯಲ್ಲಿ ದೋಷವಿದೆ ಎಂದೇ ತಿಳಿಯಬೇಕು. ನಿನ್ನ ಮಣಿಕಟ್ಟು ಕೆಟ್ಟಿದ್ದರೆ ಆ ಗುರುತುಗಳು ಹಾಗೆ ಒಂದೆಡೆ ಕೂಡುತ್ತಿರಲಿಲ್ಲ. ಎಂಟು ಹಾಳೆ ಅಂಟಿಸಿ, ಹಲಗೆಯ ಆ ಮೂಲೆಯನ್ನು ಅಳತೆಗೆ ಅಳತೆ ಪ್ರತಿ ಮಾಡಿಕೊಂಡು ಬಂದೆ. ಮೇಸ್ತ್ರಿ ಹಾಳೆ ಹಿಡಿದು ನಿಂತಿದ್ದ. "ಸಹಿ ಇದಕ್ಕೆ ಬೇಕಾದ್ರೆ ಹಾಕ್ತೀನಿ" ಎಂದು ಹಾಕಿಯೂ ಕೊಟ್ಟ.

ಮೂಲದ ದೋಷ ಯಾವುದೆಂದು ಎರಡು ದಿನ ಯೋಚಿಸಿದೆ. ನೀನು ಬಿಟ್ಟುಹೋದ ತರಬೇತಿ ಪುಸ್ತಕವನ್ನೂ ಓದಿದೆ. ಪಕ್ ಕೋಲಿನ ಚಪ್ಪಟೆ ಅಲಗಿನ ಬುಡದಿಂದ ತುದಿಯವರೆಗೆ ಉರುಳಿಕೊಂಡು ಬರಬೇಕು, ಮೈಭಾರ ಮುಂಗಾಲಿಗೆ ದಾಟಬೇಕು, ಮಣಿಕಟ್ಟು ಮಗುಚಿದ ಮೇಲೆ ಕೋಲಿನ ತುದಿ ಗುರಿಯನ್ನು ಬೆರಳಿಟ್ಟು ತೋರಿಸುವಂತೆ ನಿಲ್ಲಬೇಕು, ಕಣ್ಣು ಪಕ್ಕಿನ ಮೇಲಲ್ಲ, ಗುರಿಯ ಮೇಲಿರಬೇಕು ಎಂದಿದೆ. ಇದು ನಮ್ಮ ವಿಭಾಗದ ಪಾಠವೇ: ನಿಬ್ಬನ್ನು ನೋಡುತ್ತ ಬರೆದವನ ಸಾಲು ನೆಟ್ಟಗೆ ಬರುವುದಿಲ್ಲ, ಮುಂದಿನ ಪದ ಕೂರುವ ಜಾಗ ನೋಡಿದವನದು ಬರುತ್ತದೆ. ಆದ್ದರಿಂದ ಕೋಲಿನ ತುದಿ ಬಲಕ್ಕೆ ಬೇಗ ತಿರುಗುತ್ತಿರಬಹುದು ಎಂಬುದು ನನ್ನ ನಮ್ರ ಅಭಿಪ್ರಾಯ. ಆದರೆ ಹಾಗಿದ್ದರೆ ಕೆಳಗಿನ ಎಡ ಮೂಲೆಗೂ ಅದೇ ಆಗಬೇಕಿತ್ತಲ್ಲ ಎಂಬಲ್ಲಿಗೆ ಬಂದು ನಿಂತಿದ್ದೇನೆ.

ಇಂದು ಊಟದ ನಂತರ ಈ ಕುರ್ಚಿಯಲ್ಲೇ ಕಣ್ಣು ಮುಚ್ಚಿತು. ಕನಸಿನಲ್ಲಿ ರಿಂಕು ಗೆರೆಯಿಲ್ಲದ ದೊಡ್ಡ ಹಾಳೆಯಾಗಿತ್ತು. ನೀನು ಸ್ಕೇಟಿನಲ್ಲಿ ಅದರ ಮೇಲೆ ಬರೆಯುತ್ತಾ ಹೋಗುತ್ತಿದ್ದೆ, ಹಿಂದೆಯೇ ಯಂತ್ರ ಬಂದು ಅಳಿಸುತ್ತಿತ್ತು, ನಾನು ಪ್ರತಿ ಮಾಡಿಕೊಳ್ಳಲಾಗದೆ ಅಂಚಿನಲ್ಲಿ ಓಡುತ್ತಿದ್ದೆ. ಆಮೇಲೆ ಗೋಡೆಗೆ ಟಕ್ ಎಂದು ಏನೋ ಬಡಿಯಿತು. ಎಚ್ಚರವಾದಾಗ ನಿನಗೆ ಏಳು ವರ್ಷ. ನಿಜವಾಗಿ, ಅರೆಗಳಿಗೆ ಹಾಗೇ ಇತ್ತು: ಈ ಗೋಡೆಯ ಮೇಲೆ ನಾಲ್ಕಡಿ ಎತ್ತರ ಆರಡಿ ಅಗಲಕ್ಕೆ ನಾನೇ ಸ್ಕೇಲಿಟ್ಟು ಎಳೆದುಕೊಟ್ಟ ಸೀಮೆಸುಣ್ಣದ ಗೋಲು, ಎಡಗಂಬಕ್ಕೆ ತಾಗಿ ಕಿಟಕಿಯ ಬೆಳಕಿಗೆ ನನ್ನ ಕುರ್ಚಿ, ಮಡಿಲಲ್ಲಿ ಕಚೇರಿಯಿಂದ ತಂದ ಕಾಗದ, ಎದುರಿಗೆ ಕಾಲ್ಚೀಲದಲ್ಲಿ ಜಾರುತ್ತಾ ನೀನು. ಹಳೆ ಚಪ್ಪಲಿಯ ಅಟ್ಟೆಯಿಂದ ಕತ್ತರಿಸಿದ ಬಿಲ್ಲೆಯೇ ನಿನ್ನ ಪಕ್ಕು. ಅದು ಒಮ್ಮೆ ಹಾರಿಬಂದು ನನ್ನ ಕನ್ನಡಕವನ್ನು ನೆಲಕ್ಕೆ ಕೆಡವಿ ಒಡೆದಾಗ, ನೀನು ಅತ್ತುಕೊಂಡು "ಅಜ್ಜ, ಕುರ್ಚಿ ಆ ಕಡೆ ಹಾಕ್ಕೋ" ಎಂದೆ. "ಬೆಳಕಿರೋದು ಇಲ್ಲಿ. ನಾನೇಳಲ್ಲ. ನೀನೇ ನೋಡಿ ಹೊಡಿ" ಎಂದೆ ನಾನು. ಆಮೇಲೆ ಐದು ವರ್ಷ ಪ್ರತಿ ಸಂಜೆ ನೀನು ಹೊಡೆದೆ. ಒಂದು ಸಲವೂ ನನಗೆ ತಾಗಲಿಲ್ಲ ಎಂದು ಕಚೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದೇನೆ.

ಪ್ರತಿ ಮಾಡಿದ ಹಾಳೆಯನ್ನು ಇದರೊಂದಿಗೆ ಮಡಚಿ ಇಟ್ಟಿರುತ್ತೇನೆ. ಅಜ್ಜಿ ಬೆಚ್ಚಗೆ ಹೊದ್ದು ಮಲಗಲು ಹೇಳಿದ್ದಾಳೆ. ಶನಿವಾರದ ಫಲ ಏನೇ ಆಗಲಿ, ಇಲ್ಲಿಯ ಬಾಗಿಲು ಅದನ್ನು ಕೇಳದೆಯೇ ತೆರೆಯುತ್ತದೆ. ನಿನ್ನ ಕೈಗೂ ಕಣ್ಣಿಗೂ ಬಲ ಬರಲೆಂದು ಹರಸುವ,

ನಿನ್ನ ಅಜ್ಜ
(ನಿವೃತ್ತ ಹಿರಿಯ ನಕಲುಗಾರ)

ಮರೆತ ಮಾತು: ನಾಲ್ಕಕ್ಕೆ ಅಂಚೆ ಡಬ್ಬಿ ತೆಗೆಯುತ್ತಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹಾಳೆ ಮಡಚುವ ಮುನ್ನ ಸುಮ್ಮನೆ ಅದನ್ನು ಗೋಡೆಯ ಹಳೆ ಗೋಲಿಗೆ ಹಿಡಿದು ನೋಡಿದೆ; ಗೆರೆ ಮಾಸಿದ್ದರೂ ಕಾಣುತ್ತದೆ. ಮೂಲೆಗೆ ಮೂಲೆ ಸೇರಿಸಿ ಅಂಟಿಸಿ, ಇಂದಿಗೂ ಅದೇ ಜಾಗದಲ್ಲಿರುವ ಕುರ್ಚಿಯಲ್ಲಿ ಕುಳಿತು ಅಜ್ಜಿಗೆ ನೋಡಲು ಹೇಳಿದೆ. "ಮೂಲೆಯಲ್ಲಿ ನಿಮ್ಮ ತಲೆ ಇದೆ ಕಣ್ರೀ. ಮಸಿ ನಿಮ್ಮ ಕಿವಿಯಿಂದ ಒಂದು ಗೇಣು ಆಚೆ" ಎಂದಳು. ಬುಗುರಿ, ಮೂಲ ಪ್ರತಿ ನಾನೇ. ನೀನು ನೋಡಿಯೇ ಹೊಡೆದೆ, ಇಂದಿಗೂ ನೋಡಿಯೇ ಹೊಡೆಯುತ್ತಿದ್ದೀಯೆ. ಅಂದು ಏಳಬೇಕಾಗಿದ್ದವನು ಈಗ ಎದ್ದಿದ್ದೇನೆ. ಕುರ್ಚಿಯನ್ನು ಎದುರು ಗೋಡೆಗೆ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಬೆಳಕು ಬಲದಿಂದ ಬಂದು ಕೈಯ ನೆರಳು ಅಕ್ಷರದ ಮೇಲೆ ಬೀಳುತ್ತದೆ, ಸಾಲು ಓರೆಯಾಗಿದ್ದರೆ ಮನ್ನಿಸು. ಆ ಮೂಲೆಯಲ್ಲಿ ಯಾರೂ ಇಲ್ಲ. ಹೊಡಿ.