ಶುಕ್ರವಾರ ನಾಲ್ಕು ಗಂಟೆಯವರೆಗೆ

ಎಲ್ಡರ್‌ವಿಕ್, ಯಾರ್ಕ್‌ಶೈರ್
3 ನವೆಂಬರ್ 1954

ನನ್ನ ಪ್ರೀತಿಯ ಪೆರಿ,

ನಿನ್ನ ಆತ್ಮಕಥೆಯ ಹಸ್ತಪ್ರತಿ ಸೋಮವಾರ ತಲುಪಿತು. ಎರಡು ದಿನ ಕನ್ನಡಕ ಒರೆಸಿ ಒರೆಸಿ ಓದಿದೆ. ಚೆನ್ನಾಗಿದೆ, ಆದರೆ ಮೀನುಗಾರಿಕೆ ಇಲಾಖೆಯ ಮಂತ್ರಿಯಾಗಿದ್ದ ಆ ಎರಡು ವರ್ಷಗಳ ಬಗ್ಗೆ ನಲವತ್ತು ಪುಟ ಬೇಕಿತ್ತೇ ಮಾರಾಯ? ಅಷ್ಟು ಮೀನನ್ನು ಯಾರಿಂದಲೂ ಜೀರ್ಣಿಸಿಕೊಳ್ಳಲಾಗದು.

ಜೊತೆಗಿಟ್ಟ ಚೀಟಿಯಲ್ಲಿ ಒಂದು ಪ್ರಶ್ನೆ ಕೇಳಿದ್ದೀಯ. ಅಪ್ಪ ತೀರಿಕೊಂಡ ಹೊತ್ತು ಬೆಳಿಗ್ಗೆ ಏಳು ಎಂದು ಬರೆದಿದ್ದೇನೆ, ಸರಿ ತಾನೆ, ಶುಕ್ರವಾರ ಅಚ್ಚಿಗೆ ಹೋಗುತ್ತದೆ, ಒಂದು ಸಾಲು ಬರೆದು ಹಾಕು ಎಂದಿದ್ದೀಯ. ಒಂದು ಸಾಲಿನಲ್ಲಿ ಮುಗಿಯುವ ಹಾಗಿದ್ದರೆ ಅಂದೇ ಉತ್ತರ ಹಾಕುತ್ತಿದ್ದೆ. ಪುಸ್ತಕವನ್ನು ನನಗೆ ಅರ್ಪಿಸಿದ್ದೀಯ, 'ಎಂದೂ ನನ್ನ ಕೈಬಿಡದ ಅಕ್ಕನಿಗೆ' ಎಂದು. ಮೊದಲು ಇದನ್ನು ಓದು, ಆಮೇಲೆ ಆ ಪುಟವನ್ನು ಇಡುವುದೋ ತೆಗೆಯುವುದೋ ನಿನ್ನ ಇಷ್ಟ.

ಏಳು ಗಂಟೆ ಸರಿಯಲ್ಲ, ಪೆರಿ. ಅಪ್ಪ ಹೋದದ್ದು ಸಂಜೆ ಐದೂವರೆಗೆ.

ಈ ಸಾಲು ಓದಿ ನೀನು ಎದ್ದು ನಿಂತಿರುತ್ತೀಯ. ಕೂತುಕೋ. ಎಪ್ಪತ್ತರ ಮೊಣಕಾಲು ನಿನ್ನದು.

1926ರ ಆ ಮಾರ್ಚ್ ತಿಂಗಳಿಗೆ ಅಪ್ಪ ಹಾಸಿಗೆ ಹಿಡಿದು ಹನ್ನೊಂದು ವರ್ಷ. ಅಮ್ಮ ಇರಲಿಲ್ಲ, ನೀನು ಲಂಡನ್ನಿನಲ್ಲಿದ್ದೆ. ವಂಶಪಾರಂಪರ್ಯ ಅರ್ಲ್ ಬಿರುದಿನ ಮನೆಯ ಮಗ ಕಾರ್ಮಿಕರ ಪಕ್ಷ ಸೇರಿ ಪಾರ್ಲಿಮೆಂಟಿನ ಕೆಳಮನೆಯಲ್ಲಿ ಕುಳಿತ ಎಂದು ಅಪ್ಪ ನಿನ್ನೊಡನೆ ಮಾತು ಬಿಟ್ಟಿದ್ದರು. ಸ್ಥಿತಿ ಗಂಭೀರ ಎಂದು ನಾನು ಮೂರು ಸಲ ತಂತಿ ಕಳಿಸಿದ್ದೆ, ನೀನು ಮೂರು ಸಲವೂ ಓಡಿ ಬಂದೆ. ಪ್ರತಿ ಸಲವೂ ಅಪ್ಪ ದಿಂಬಿಗೊರಗಿ ಕುಳಿತು ಮೊಟ್ಟೆ ತಿನ್ನುತ್ತಿದ್ದರು. ಕೊನೆಯ ಸಲ ನಿನ್ನ ಮುಖ ನೋಡಿ, "ಇವನನ್ನ ಯಾರು ಕರೆಸಿದ್ದು? ಇನ್ನೂ ಸತ್ತಿಲ್ಲ ನಾನು, ಹೋಗಿ ನಿನ್ನ ಕೂಲಿಯೋರ ಜೊತೆ ಕೂತ್ಕೋ" ಎಂದರು. ನಾಲ್ಕನೆಯ ತಂತಿಗೂ ಐದನೆಯದಕ್ಕೂ ನೀನು ಬರಲಿಲ್ಲ. ನಿನ್ನನ್ನು ದೂರುವುದಿಲ್ಲ. ಆದರೆ ಆಗ ದೂರಿದೆ, ಹೊಟ್ಟೆ ಉರಿದು ದೂರಿದೆ. ಪತ್ರಿಕೆಗಳಲ್ಲಿ ನಿನ್ನ ಚಿತ್ರ ಬರುತ್ತಿತ್ತು. ನನ್ನ ಮದುವೆಯ ವಯಸ್ಸು ಆ ಕೋಣೆಯ ಔಷಧದ ವಾಸನೆಯಲ್ಲಿ ಕಳೆದುಹೋಗಿತ್ತು.

ಅಪ್ಪ ಹೋದ ಆ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಅಪ್ಪ ಕಣ್ಣು ತೆರೆದು, "ಹುಡುಗ ಎಲ್ಲಿ?" ಎಂದರು. ನಾಲ್ಕು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಸಂಜೆ ದಾಟುವುದು ಕಷ್ಟ ಎಂದು ಡಾಕ್ಟರು ಬಾಗಿಲಾಚೆ ಕರೆದು ಹೇಳಿದರು. ಮನೆಗೆ ಟೆಲಿಫೋನ್ ಹಾಕಿಸಲು ಅಪ್ಪ ಬಿಟ್ಟಿರಲಿಲ್ಲ. ಸೈಕಲ್ ಹತ್ತಿ ಅಂಚೆ ಕಚೇರಿಗೆ ಹೋದೆ. ಗಂಭೀರ ಎಂದರೆ ನೀನು ಬರುವವನಲ್ಲ. ಅದಕ್ಕೇ ತಂತಿಯ ವಿಳಾಸದಲ್ಲಿ ನಿನ್ನ ಹೆಸರಿನ ಜಾಗಕ್ಕೆ ಅಪ್ಪ ಸತ್ತ ಮೇಲಷ್ಟೇ ಮಗನಿಗೆ ಇಳಿಯುವ ಬಿರುದನ್ನು ಹಾಕಿದೆ: 'ಅರ್ಲ್ ಆಫ್ ಎಲ್ಡರ್‌ವಿಕ್'. ನಮ್ಮಂಥ ಮನೆಗಳಲ್ಲಿ ಮಗನಿಗೆ ಆ ಹೆಸರಿನಲ್ಲಿ ತಂತಿ ಬಂದರೆ ಏನರ್ಥ ಎಂದು ಬೇರೆ ಹೇಳಬೇಕೇ?

ಅರ್ಲನಾದವನಿಗೆ ಕೆಳಮನೆಯಲ್ಲಿ ಜಾಗವಿಲ್ಲ, ಅಪ್ಪನ ಉಸಿರು ನಿಂತ ಗಳಿಗೆಯಲ್ಲೇ ಮಗ ಮೇಲ್ಮನೆಯ ಪಾಲು. ಅದು ನನಗೆ ಹೊಳೆಯಲೇ ಇಲ್ಲ. ನೀನು ಓಡಿ ಬರಬೇಕು ಎನ್ನುವುದಷ್ಟೇ ತಲೆಯಲ್ಲಿತ್ತು.

ಮುಂದಿನದನ್ನು ನಿನ್ನ ಹನ್ನೊಂದನೆಯ ಅಧ್ಯಾಯದಲ್ಲಿ ಓದಿದೆ. ಬಾಗಿಲು ಕಾಯುವವನು ಪಾರ್ಲಿಮೆಂಟಿನ ಮೊಗಸಾಲೆಯಲ್ಲಿ ಆ ಹೆಸರು ಕೂಗಿದಾಗ, ಅದು ಅಪ್ಪನ ಹೆಸರಲ್ಲವೇ ಎಂದು ನೀನು ತಿರುಗಿಯೂ ನೋಡಲಿಲ್ಲ. ಎರಡನೆಯ ಸಲ ಕೂಗಿದಾಗ ಸುತ್ತಲಿದ್ದವರು ಟೋಪಿ ತೆಗೆದರು. ಆಗ ನಿನಗೆ ತಿಳಿಯಿತು.

ಕುಂಬಾರಿಕೆ ಕಾರ್ಖಾನೆಗಳ ಊರಿನ ಸದಸ್ಯ ಕ್ಲೆಗ್ ನಿನ್ನ ತೋಳು ಹಿಡಿದ ಎಂದು ಬರೆದಿದ್ದೀಯ. ಪಿಂಗಾಣಿಯ ಮೆರುಗಿಗೆ ಹಾಕುವ ಸೀಸ ಅವನ ಹೆಂಡತಿಯ ಮೈಗೇರಿ, ಮಣಿಕಟ್ಟು ಜೋತುಬಿದ್ದು, ಮೂವತ್ತೊಂದಕ್ಕೇ ತೀರಿಕೊಂಡಿದ್ದಳು. ಆ ಸೀಸವನ್ನು ನಿಲ್ಲಿಸುವ ಮಸೂದೆಗೆ ನೀವಿಬ್ಬರೂ ಒಂಬತ್ತು ವರ್ಷ ಬೆವರು ಸುರಿಸಿದ್ದಿರಿ. ಅದು ಅಂದೇ ಸಭೆಗೆ ಬಂದಿತ್ತು. "ಆ ಲಕೋಟೆ ಒಡೀಬೇಡಿ ಸ್ವಾಮಿ, ಜೇಬಿಗೆ ಹಾಕ್ಕೊಳ್ಳಿ. ನಾಲ್ಕು ಗಂಟೆ ಆದ್ಮೇಲೆ ಓದಿದ್ರಾಯ್ತು, ಯಾರ್ ಕೇಳ್ತಾರೆ?" ಎಂದು ಅವನು ಗೋಗರೆದ. "ಹೆಸರು ಓದಿ ಆಯ್ತಲ್ಲ ಕ್ಲೆಗ್" ಎಂದು ನೀನು ಹೊರಗೆ ನಡೆದೆ. ನಾಲ್ಕು ಗಂಟೆಯವರೆಗೆ ವಿರೋಧಿಗಳು ಮಾತು ಎಳೆದರೆ ಮಸೂದೆ ಸತ್ತಂತೆ. ಅವರ ಬಾಯಿ ಮುಚ್ಚಿಸಲು ನೂರು ಮತ ಬೇಕು. ಮೂರೂವರೆಗೆ ಎಣಿಸಿದರು. ತೊಂಬತ್ತೊಂಬತ್ತು.

ಆ ಸಂಖ್ಯೆಯನ್ನು ನೀನು ಒಂದೇ ವಾಕ್ಯದಲ್ಲಿ ಬರೆದು ಮುಂದೆ ಹೋಗಿದ್ದೀಯ. ನಾನು ಆ ವಾಕ್ಯದಲ್ಲೇ ಇಪ್ಪತ್ತೆಂಟು ವರ್ಷದಿಂದ ಕುಳಿತಿದ್ದೇನೆ. ಕಾನೂನು ಬಂದಾಗ ಮತ್ತೆ ಒಂಬತ್ತು ವರ್ಷ ಕಳೆದಿತ್ತು, ಬೇರೆಯವರ ಹೆಸರಿನಲ್ಲಿ ಬಂತು. ಆ ಒಂಬತ್ತು ವರ್ಷದಲ್ಲಿ ಎಷ್ಟು ಹೆಂಗಸರ ಕೈ ಜೋತುಬಿದ್ದಿತೋ ನಾನು ಯಾರನ್ನೂ ಕೇಳಲಿಲ್ಲ. ಕೇಳುವ ಧೈರ್ಯವಿರಲಿಲ್ಲ. ಮೇಲ್ಮನೆಯಲ್ಲಿ ತೂಕಡಿಸುವ ಮುದುಕರ ನಡುವೆ ನಿನ್ನ ಜೀವನ ಸವೆಯಿತು, ಪ್ರಧಾನಿಯಾಗಬೇಕಾದವನು ಮೀನಿನ ಮಂತ್ರಿಯಾದೆ.

ಈಗ ನೀನು ತಿಳಿಯಬೇಕಾದ್ದು. ನಾನು ಮರಳಿ ಬಂದಾಗ ಅಪ್ಪನಿಗೆ ಜೊಂಪು ಹತ್ತಿತ್ತು. ಹನ್ನೊಂದಕ್ಕೆ ಎಚ್ಚರವಾಯಿತು. "ಇವತ್ತು ಯಾವ ವಾರ ವಿನ್ನಿ?" ಎಂದರು. ಶುಕ್ರವಾರ ಎಂದೆ. "ಅವನ ಮಸೂದೆ ಇವತ್ತೇ ಅಲ್ವೇನೆ? ಹಾಗಾದ್ರೆ ಕರೆಸಬೇಡ. ನಾನು ಹೋದ್ರೆ ಅವನ ಮತ ಹೋಗುತ್ತೆ. ನಾಲ್ಕು ಗಂಟೆವರೆಗೂ ಹೇಗಾದ್ರೂ ಇರ್ತೀನಿ" ಎಂದರು.

ಅಷ್ಟು ಹೊತ್ತಿಗೆ ತಂತಿ ನಿನ್ನ ಕೈ ಸೇರಿರಬೇಕು. ನಾನು ಅವರ ಹೊದಿಕೆ ಸರಿಪಡಿಸಿದೆ.

ಆಮೇಲೆ ಅವರು ಕಾಲು ಗಂಟೆಗೊಮ್ಮೆ ಹೊತ್ತು ಕೇಳುತ್ತಿದ್ದರು. ನೋವಿಗೆ ಕೊಡುವ ಮದ್ದನ್ನೂ ಬೇಡವೆಂದರು, ನಿದ್ದೆ ಬಂದರೆ ಏಳುತ್ತೇನೋ ಇಲ್ಲವೋ ಎಂದು. ನಿನ್ನ ಭಾಷಣಗಳನ್ನೆಲ್ಲ ಪತ್ರಿಕೆಯಿಂದ ಕತ್ತರಿಸಿ ದಿಂಬಿನ ಕೆಳಗೆ ಇಟ್ಟಿದ್ದರಂತೆ, ನನಗೂ ಅಂದೇ ಗೊತ್ತಾದದ್ದು. "ಹೋದ ವಾರದ್ದು ಉದ್ದ ಆಯ್ತು ಅಂತ ಹೇಳು ಅವ್ನಿಗೆ. ಎಲ್ಲಿ ನಿಲ್ಲಿಸ್ಬೇಕು ಅಂತ್ಲೇ ಗೊತ್ತಾಗಲ್ಲ ಪೆದ್ದನಿಗೆ" ಎಂದರು. ಗಡಿಯಾರ ನಾಲ್ಕು ಹೊಡೆದಾಗ ನನ್ನ ಕೈ ಒತ್ತಿ, "ಸದ್ಯ, ಮುಗೀತು. ಇನ್ನು ಕರೆಸು" ಎಂದರು. ಐದೂವರೆಗೆ ಹೋದರು.

ನೀನು ರೈಲು ಇಳಿದು ಬಂದಾಗ ರಾತ್ರಿಯ ಊಟದ ಹೊತ್ತು. ಸತ್ತವರಿಗೆ ಏನು ಅವಸರ ಎಂದು ಲಂಡನ್ನಿನ ನದಿಯ ದಂಡೆಯಲ್ಲಿ ಇಡೀ ಮಧ್ಯಾಹ್ನ ನಡೆದೆ ಎಂದೆ. ಅಪ್ಪನ ಹಣೆ ಮುಟ್ಟಿ, "ಇನ್ನೂ ಬೆಚ್ಚಗಿದೆಯಲ್ಲ ವಿನ್ನಿ" ಎಂದೆ. "ಬೆಳಗಿನಿಂದ ಒಲೆ ಉರೀತಿದೆ" ಎಂದೆ ನಾನು. ಯಾವಾಗ ಎಂದು ನೀನು ಕೇಳಿದೆ. ಏಳಕ್ಕೆ ಎಂದೆ ನಾನು. ಬಾಯಿಗೆ ಬಂದ ಆ ಸುಳ್ಳು ಅಲ್ಲಿಂದ ಇಳಿಯಲೇ ಇಲ್ಲ.

ಆ ದಿನ ನಿನಗೆ ಎರಡರಲ್ಲಿ ಒಂದಾದರೂ ಸಿಗಬೇಕಿತ್ತು, ಅಪ್ಪ ಅಥವಾ ಮಸೂದೆ. ಎರಡನ್ನೂ ಕಳೆದವಳು ನಾನು. ಕ್ಷಮಿಸು ಎನ್ನಲು ನಾಚಿಕೆಯಾಗುತ್ತದೆ, ಆದರೂ ಕ್ಷಮಿಸು. ಪುಸ್ತಕದಲ್ಲಿ ಐದೂವರೆ ಎಂದು ತಿದ್ದು. ಅಪ್ಪ ಅಷ್ಟು ಕಷ್ಟಪಟ್ಟು ಹಿಡಿದುಕೊಂಡ ಹೊತ್ತನ್ನು ಅವರಿಗೆ ಕೊಟ್ಟುಬಿಡು.

ಉತ್ತರ ಬರೆಯದಿದ್ದರೂ ನಿನ್ನ ಅಕ್ಕ,
ವಿನಿಫ್ರೆಡ್

ತಾ.ಕ.: ಹೊಳೆಯಲೇ ಇಲ್ಲ ಎಂದು ಮೇಲೆ ಬರೆದೆ. ಅದನ್ನು ಹೊಡೆದುಹಾಕು. ಅಂಚೆ ಕಚೇರಿಯ ಮಿಸೆಸ್ ಟಫ್ನೆಲ್ ತಂತಿ ಓದಿ, ವಿಳಾಸ ನೋಡಿ, "ಈ ಹೆಸರಿಗೆ ಕಳಿಸಿದ್ರೆ ಚಿಕ್ಕ ಸಾಹೇಬ್ರು ಪಾರ್ಲಿಮೆಂಟಿಂದ ಎದ್ದು ಬರ್ಬೇಕಾಗುತ್ತಲ್ಲ ಅಮ್ಮಾವ್ರೇ? ಒಳಗೆ ನೋಡಿದ್ರೆ ಬೇರೆ ಬರೆದಿದ್ದೀರಲ್ಲ?" ಎಂದಳು. "ಎದ್ದು ಬರ್ಲಿ, ಬೆಚ್ಚಿಬಿದ್ದು ಒಡೀಲಿ" ಎಂದೆ. ಆ ಲಕೋಟೆಯನ್ನು ಇಂದಿಗೂ ಒಡೆದಿಲ್ಲ, ಅಪ್ಪನ ಮೇಜಿನ ಡ್ರಾಯರಿನಲ್ಲಿದೆ ಎಂದು ಹೆಮ್ಮೆಯಿಂದ ಬರೆದಿದ್ದೀಯ. ಒಡೆದು ನೋಡು. ಒಳಗೆ ಸಾವಿನ ಸುದ್ದಿ ಇಲ್ಲ. 'ಅಪ್ಪ ನಿನ್ನನ್ನು ಕೇಳುತ್ತಿದ್ದಾರೆ. ಬೇಗ ಬಾ' ಎಂದಿದೆ.